ನೇರಳೆ ತಂತಿಯ ಎರಡು ತುದಿಗಳು

ಕಾರು ಕಾರ್ಖಾನೆಯಲ್ಲಿ ಕೆಲಸ ಎಂದರೆ ಊರಲ್ಲಿ ಜನ ಕೇಳುವ ಮೊದಲ ಪ್ರಶ್ನೆ, 'ಹಾಗಾದರೆ ನಿಮಗೆ ಕಾರು ಕಡಿಮೆ ಬೆಲೆಗೆ ಸಿಗುತ್ತದಾ?' ಎರಡನೆಯದು, 'ಎಲ್ಲಾ ರೋಬೊಟ್‌ಗಳೇ ಮಾಡುತ್ತವಂತಲ್ಲ, ನಿಮಗೇನು ಕೆಲಸ?' ಮೊದಲ ಪ್ರಶ್ನೆಗೆ ನಕ್ಕು ಸುಮ್ಮನಾಗುತ್ತೇವೆ. ಎರಡನೆಯದಕ್ಕೆ ಉತ್ತರಿಸಲು ಸ್ವಲ್ಪ ಹೊತ್ತು ಬೇಕು. ಇಂದು ಆ ಉತ್ತರವನ್ನೇ ಬರೆಯಲು ಕುಳಿತಿದ್ದೇವೆ. ಬರೆಯುವಾಗ ಒಬ್ಬ ಹುಡುಗನ ಮುಖ ಎದುರಿಗೆ ಬಂದು ನಿಲ್ಲುತ್ತದೆ. ಅವನ ಕತೆಯನ್ನೂ ಹೇಳಲೇಬೇಕು.

ನಾವು ಮೂವರು. ಒಬ್ಬರು ವಿಜಯಪುರ ಜಿಲ್ಲೆಯವರು, ಒಬ್ಬರು ಹಾವೇರಿಯವರು, ಇನ್ನೊಬ್ಬರು ಪುತ್ತೂರಿನವರು. ಡಿಪ್ಲೊಮಾ ಮುಗಿಸಿ ಪುಣೆಯ ಹೊರಗಿನ ಚಾಕಣ್‌ಗೆ ಬಂದು, ಅಲ್ಲಿನ ಒಂದು ಕಾರ್ಖಾನೆಯ ವೆಲ್ಡ್ ಶಾಪ್‌ನಲ್ಲಿ ಎಲೆಕ್ಟ್ರಿಕಲ್ ಮೇಂಟೆನನ್ಸ್ ಕೆಲಸಕ್ಕೆ ಸೇರಿದೆವು. ಒಂದೇ ಕೋಣೆಯಲ್ಲಿ ಬಾಡಿಗೆಗಿದ್ದು, ಒಂದೇ ಒಲೆಯಲ್ಲಿ ಅನ್ನ ಬೇಯಿಸಿಕೊಂಡವರು. ಈ ಬರಹವೂ ಮೂವರದೇ, ಇದರಲ್ಲಿರುವ ತಪ್ಪೂ ಮೂವರದೇ.

ವೆಲ್ಡ್ ಶಾಪ್ ಎಂದರೆ ತಗಡಿನ ತುಂಡುಗಳು ಸೇರಿ ಕಾರಿನ ಒಡಲಾಗುವ ಜಾಗ. ಒಂದು ಕಾರಿನ ಒಡಲಿಗೆ ನಾಲ್ಕೈದು ಸಾವಿರ ಕಡೆ ಚುಕ್ಕಿ ಬೆಸುಗೆ ಬೀಳುತ್ತದೆ. ಒಂದೊಂದು ಚುಕ್ಕಿಗೂ ಹತ್ತು ಸಾವಿರ ಆಂಪಿಯರಿನಷ್ಟು ವಿದ್ಯುತ್ತು ಕ್ಷಣಮಾತ್ರ ಹರಿಯುತ್ತದೆ. ತಗಡನ್ನು ಹಿಡಿಯುವ ಕ್ಲಾಂಪು, ತಿರುಗುವ ಮೇಜು, ಬೆಸುಗೆ ಹಾಕುವ ರೋಬೊಟ್, ಒಡಲನ್ನು ಮುಂದಕ್ಕೆ ಒಯ್ಯುವ ಗಾಡಿ ಇವೆಲ್ಲ ಒಂದರ ಮಾತು ಒಂದು ಕೇಳಿ ನಡೆಯಬೇಕು. ಕ್ಲಾಂಪು 'ಹಿಡಿದಿದ್ದೇನೆ' ಎನ್ನದೆ ರೋಬೊಟ್ ಕೈ ಚಾಚುವಂತಿಲ್ಲ. ರೋಬೊಟ್ 'ಹಿಂದೆ ಸರಿದಿದ್ದೇನೆ' ಎನ್ನದೆ ಗಾಡಿ ಕದಲುವಂತಿಲ್ಲ. ಈ ಮಾತುಕತೆ ಹರಿಯುವ ತಂತಿಯನ್ನು ಕಾಯುವುದೇ ನಮ್ಮ ಕೆಲಸ.

ಹಿಂದೆ ಇಂಥ ಕೆಲಸ ರಿಲೇಗಳಿಂದ ನಡೆಯುತ್ತಿತ್ತು. ಗೋಡೆಯಷ್ಟು ದೊಡ್ಡ ಪೆಟ್ಟಿಗೆಗಳಲ್ಲಿ ನೂರಾರು ರಿಲೇಗಳು, ಸಾವಿರಾರು ತಂತಿಗಳು. ಕಾರಿನ ಮಾದರಿ ಬದಲಾದರೆ ಎಲ್ಲವನ್ನೂ ಕಿತ್ತು ಮತ್ತೆ ಜೋಡಿಸಬೇಕಿತ್ತು. ಅಮೆರಿಕದ ಜನರಲ್ ಮೋಟರ್ಸ್ ಕಂಪೆನಿಯ ಗೇರ್ ವಿಭಾಗವು 1968ರಲ್ಲಿ ಇದಕ್ಕೊಂದು ಪರಿಹಾರ ಕೇಳಿತು. ಡಿಕ್ ಮಾರ್ಲಿ ಮತ್ತು ಅವರ ಸಂಗಡಿಗರು ಮಾಡಿದ 'ಮಾಡಿಕಾನ್ 084' ಎಂಬ ಯಂತ್ರ ಅಲ್ಲಿಗೆ ಹೋಯಿತು. ತಂತಿ ಬದಲಿಸುವ ಬದಲು ಅದರೊಳಗಿನ ಬರಹ ಬದಲಿಸಿದರೆ ಸಾಕು. ಅದು ಅವರ ಸಂಸ್ಥೆಯ ಎಂಬತ್ತನಾಲ್ಕನೆಯ ಕೆಲಸವಾದ್ದರಿಂದ ಆ ಹೆಸರು. ಇಂದು ಎಲ್ಲ ಕಾರ್ಖಾನೆಗಳಲ್ಲೂ ಇರುವ ಪಿ.ಎಲ್.ಸಿ. ಎಂಬ ಯಂತ್ರದ ಮೂಲ ಅಲ್ಲಿದೆ.

ಯಂತ್ರಗಳು ಹೆಚ್ಚಾದ ಮೇಲೆ ಭಾಷೆಯ ಜಗಳ ಶುರುವಾಯಿತು. ಒಂದು ಕಂಪೆನಿಯ ಯಂತ್ರ ಇನ್ನೊಂದು ಕಂಪೆನಿಯದರ ಜೊತೆ ಮಾತಾಡುತ್ತಿರಲಿಲ್ಲ. 1980ರ ದಶಕದಲ್ಲಿ ಜನರಲ್ ಮೋಟರ್ಸ್ 'ಮ್ಯಾಪ್' ಎಂಬ ಒಂದೇ ಭಾಷೆಯನ್ನು ಎಲ್ಲರಿಗೂ ತರಲು ಹೊರಟಿತು. ಅದು ದುಬಾರಿಯೂ ತೊಡಕಿನದೂ ಆಗಿ ನಿಲ್ಲಲಿಲ್ಲ. ಜರ್ಮನಿಯಲ್ಲಿ 1987ರಲ್ಲಿ ಕೆಲವು ಕಂಪೆನಿಗಳೂ ಸಂಶೋಧನಾ ಸಂಸ್ಥೆಗಳೂ ಸೇರಿ ಆರಂಭಿಸಿದ ಕೆಲಸದಿಂದ 'ಪ್ರೊಫಿಬಸ್' ಬಂತು. ಬೇರೆಯವರು ಬೇರೆಯದನ್ನು ತಂದರು. ಕೊನೆಗೆ ಜಗತ್ತಿಗೆಲ್ಲ ಒಂದೇ ಮಾನಕ ಮಾಡುತ್ತೇವೆಂದು ವರ್ಷಗಟ್ಟಲೆ ಚರ್ಚಿಸಿದವರು 2000ದ ಹೊತ್ತಿಗೆ ಎಂಟು ಬಗೆಗಳನ್ನು ಒಂದೇ ಪುಸ್ತಕದೊಳಗೆ ಸೇರಿಸಿ ಕೈತೊಳೆದುಕೊಂಡರು. ಒಂದಾಗುವುದು ಕಷ್ಟ, ಒಂದಾದೆವೆಂದು ಬರೆದುಕೊಳ್ಳುವುದು ಸುಲಭ. ಇದು ಯಂತ್ರ ಮಾಡುವವರಿಗೂ ಹೊರತಲ್ಲ.

ನಮ್ಮ ಲೈನಿನಲ್ಲಿದ್ದುದು ಪ್ರೊಫಿಬಸ್. ನೇರಳೆ ಬಣ್ಣದ ಕೇಬಲ್, ಒಳಗೆ ಹಸಿರು ಮತ್ತು ಕೆಂಪು ಎರಡೇ ತಂತಿ. ಅದು ಒಂದು ಯಂತ್ರದಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ, ಬೀದಿಯ ಮನೆಗಳನ್ನು ಮುಟ್ಟುತ್ತಾ ಹೋಗುವ ಹಾಗೆ ಹೋಗುತ್ತದೆ. ಪ್ರತಿ ಯಂತ್ರಕ್ಕೂ ಮನೆ ನಂಬರಿನಂತೆ ಒಂದು ನಂಬರು. ಪಿ.ಎಲ್.ಸಿ. ಒಬ್ಬೊಬ್ಬರನ್ನೇ ಹೆಸರು ಕರೆದ ಹಾಗೆ ನಂಬರು ಕರೆಯುತ್ತದೆ, ಅವರು ಉತ್ತರಿಸುತ್ತಾರೆ. ಕೆಲವೇ ಮಿಲಿಸೆಕೆಂಡುಗಳಲ್ಲಿ ಒಂದು ಸುತ್ತು ಮುಗಿದು ಮತ್ತೆ ಮೊದಲಿನಿಂದ ಹಾಜರಿ. ಯಾರಾದರೂ ಉತ್ತರಿಸದಿದ್ದರೆ ಮತ್ತೆ ಕರೆಯುತ್ತದೆ. ಆಗಲೂ ಉತ್ತರವಿಲ್ಲದಿದ್ದರೆ ಲೈನು ನಿಲ್ಲುತ್ತದೆ. ಅತ್ತ ಕಡೆಯ ಯಂತ್ರವೂ ಹಾಗೆಯೇ. ಗೊತ್ತುಮಾಡಿದ ಸಮಯದೊಳಗೆ ತನ್ನನ್ನು ಯಾರೂ ಕರೆಯದಿದ್ದರೆ ಅದು ತಾನಾಗಿ ಸುರಕ್ಷಿತ ಸ್ಥಿತಿಗೆ ಹೋಗಿ ಕೈಕಟ್ಟಿ ನಿಲ್ಲುತ್ತದೆ. ಮೌನವನ್ನು 'ಎಲ್ಲ ಸರಿಯಿದೆ' ಎಂದು ತಿಳಿಯಬಾರದು, 'ಏನೋ ಕೆಟ್ಟಿದೆ' ಎಂದೇ ತಿಳಿಯಬೇಕು. ತರಬೇತಿಯಲ್ಲಿ ನಮಗೆ ಮೊದಲ ವಾರವೇ ಕಲಿಸಿದ ಪಾಠವಿದು.

2011ರ ಮಳೆಗಾಲದ ಒಂದು ವಾರ ಈ ಪಾಠ ನಮ್ಮ ಮೇಲೆಯೇ ತಿರುಗಿ ಬಂತು.

ಸೋಮವಾರ ರಾತ್ರಿ ಪಾಳಿಯಲ್ಲಿ ಲೈನು ನಿಂತಿತು. ಹಲಗೆಯ ಮೇಲೆ ಕೆಂಪು ದೀಪ, ಕೊನೆಯ ಕೆಲವು ಯಂತ್ರಗಳು ಉತ್ತರಿಸುತ್ತಿಲ್ಲ. ನಾವು ಓಡಿಹೋಗುವಷ್ಟರಲ್ಲಿ ಅವು ಮತ್ತೆ ಉತ್ತರಿಸತೊಡಗಿದ್ದವು. ರೀಸೆಟ್ ಒತ್ತಿದೆವು, ಲೈನು ಹೊರಟಿತು. ಮಂಗಳವಾರ ಮತ್ತೆ. ಬುಧವಾರ ರಾತ್ರಿ ಎರಡು ಸಲ. ಹೀಗೆ ಬಂದು ಹೋಗುವ ದೋಷದಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಪೂರ್ತಿ ಕೆಟ್ಟಿದ್ದರೆ ಹುಡುಕಬಹುದು. ಹುಡುಕಲು ಹೋದಾಗ ಸರಿಯಾಗಿರುವುದನ್ನು ಹುಡುಕುವುದು ಹೇಗೆ?

ಬುಧವಾರ ಎರಡನೆಯ ಸಲ ನಿಂತಾಗ ಆ ಜಾಗದಲ್ಲಿ ಗುತ್ತಿಗೆಯ ಹುಡುಗನೊಬ್ಬ ಕಸ ಗುಡಿಸುತ್ತಿದ್ದ. ಬೀದರ್ ಕಡೆಯವನು, ಹತ್ತೊಂಬತ್ತೋ ಇಪ್ಪತ್ತೋ ವಯಸ್ಸು. ಬೆಸುಗೆಯ ಕಿಡಿ ಆರಿ ಬಿದ್ದ ಕಬ್ಬಿಣದ ಕಾಳುಗಳನ್ನು ಯಂತ್ರಗಳ ಕೆಳಗಿನಿಂದ ಎಳೆದು ತೆಗೆಯುವುದು ಅವನ ಕೆಲಸ. ಕನ್ನಡದವರೆಂದು ಗೊತ್ತಾದ ಮೇಲೆ ನಮ್ಮನ್ನು ಅಣ್ಣಾ ಎನ್ನುತ್ತಿದ್ದ, ಚಹಾದ ಹೊತ್ತಿಗೆ ಪಕ್ಕದಲ್ಲಿ ಬಂದು ಕೂರುತ್ತಿದ್ದ. ಸೂಪರ್‌ವೈಸರ್ ಬಂದವರೇ ಅವನ ಕೈಯಲ್ಲಿದ್ದ ಪೊರಕೆ ನೋಡಿದರು, ಕಾಲ ಬಳಿ ಹಾದುಹೋದ ನೇರಳೆ ಕೇಬಲ್ ನೋಡಿದರು. ಅಷ್ಟೇ, ತೀರ್ಮಾನವಾಗಿ ಹೋಯಿತು. ಕೇಬಲ್ ಎಳೆದಿದ್ದಾನೆ, ತುಳಿದಿದ್ದಾನೆ.

'ನಾ ವೈರ್ ಮುಟ್ಟಿಲ್ರಿ ಅಣ್ಣಾ, ನೀವರ ಹೇಳ್ರಿ' ಎಂದ ಹುಡುಗ ನಮ್ಮ ಕಡೆ ತಿರುಗಿ.

ನಾವು ಏನೂ ಹೇಳಲಿಲ್ಲ. ಗುರುವಾರ ಬೆಳಿಗ್ಗೆ ಗುತ್ತಿಗೆದಾರನ ಮನುಷ್ಯ ಬಂದು ಅವನ ಗೇಟ್ ಪಾಸ್ ತೆಗೆದುಕೊಂಡ.

ಗುರುವಾರ ರಾತ್ರಿ ಲೈನು ಮತ್ತೆ ನಿಂತಿತು. ಹುಡುಗ ಇರಲಿಲ್ಲ. ಆಗ ನಾವು ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆವು. ಯಾವ ಯಂತ್ರ ಯಾವ ಗಳಿಗೆಗೆ ಉತ್ತರಿಸಲಿಲ್ಲ ಎಂಬುದನ್ನು ಪಿ.ಎಲ್.ಸಿ. ತನ್ನೊಳಗೆ ಬರೆದಿಟ್ಟುಕೊಳ್ಳುತ್ತದೆ. ಆ ಪಟ್ಟಿಯನ್ನು ತೆರೆದು ನೋಡಿದೆವು. ಆ ವಾರ ಲೈನು ಒಂಬತ್ತು ಸಲ ನಿಂತಿತ್ತು. ಅದರಲ್ಲಿ ನಾಲ್ಕು ಹಗಲು ಪಾಳಿಯಲ್ಲಿ. ಹಗಲಿನವರು ರೀಸೆಟ್ ಒತ್ತಿ ಮುಂದೆ ಹೋಗಿದ್ದರು. ಆ ಹೊತ್ತಿನಲ್ಲಿ ಹುಡುಗ ತನ್ನ ಕೋಣೆಯಲ್ಲಿ ಮಲಗಿ ನಿದ್ದೆ ಮಾಡುತ್ತಿದ್ದ. ಪಟ್ಟಿಯಲ್ಲಿ ಇನ್ನೂ ಒಂದು ಸಂಗತಿಯಿತ್ತು. ಹಿಂದಿನ ಭಾನುವಾರಕ್ಕೆ ಮೊದಲು ಇಂಥ ದೋಷ ಒಂದೂ ಇರಲಿಲ್ಲ.

ಭಾನುವಾರ ಲೈನಿನ ಮೇಂಟೆನನ್ಸ್ ಮಾಡಿದವರು ನಾವೇ. ಕೊನೆಯ ಯಂತ್ರದ ಕನೆಕ್ಟರ್ ಹಳೆಯದಾಗಿತ್ತೆಂದು ಬದಲಿಸಿದವರೂ ನಾವೇ.

ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಆ ರಾತ್ರಿಯೇ ಪಟ್ಟಿಯನ್ನು ತೆಗೆದುಕೊಂಡು ಸೂಪರ್‌ವೈಸರ್ ಬಳಿ ಹೋಗಬಹುದಿತ್ತು. ಹೋಗಲಿಲ್ಲ. ನಮ್ಮ ಪ್ರೊಬೇಷನ್ ಮುಗಿಯಲು ಎರಡು ತಿಂಗಳಿತ್ತು. ಮೊದಲು ದೋಷ ಎಲ್ಲಿದೆ ಎಂದು ಖಚಿತವಾಗಲಿ, ಆಮೇಲೆ ಹೇಳೋಣ ಎಂದುಕೊಂಡೆವು. ಹೇಡಿತನಕ್ಕೆ ಇಂಥ ಬುದ್ಧಿವಂತ ಮಾತುಗಳು ಬೇಗ ಒದಗುತ್ತವೆ. ಶುಕ್ರವಾರ ಸೂಪರ್‌ವೈಸರ್, ಹುಡುಗ ತುಳಿದ ಕೇಬಲ್ ಒಳಗೇ ತುಂಡಾಗಿರಬೇಕು, ಬದಲಿಸಿ ಎಂದರು. ಹೊಸ ಕೇಬಲ್ ಎಳೆದೆವು. ಲೈನು ಆಮೇಲೂ ನಿಂತಿತು.

ಭಾನುವಾರ ಲೈನು ರಜೆಯಲ್ಲಿದ್ದಾಗ ಕೊನೆಯ ಯಂತ್ರದ ಮುಂದೆ ಮಂಡಿಯೂರಿ ಕುಳಿತು ಕನೆಕ್ಟರಿಗೆ ಟಾರ್ಚ್ ಬಿಟ್ಟೆವು. ಪ್ರೊಫಿಬಸ್ ತಂತಿಗೆ ಎರಡು ತುದಿಗಳಿವೆ. ಎರಡೂ ತುದಿಯಲ್ಲಿ ಒಂದು ರೆಸಿಸ್ಟರ್ ಜೋಡಣೆ ಇರಬೇಕು. ಇಲ್ಲದಿದ್ದರೆ ಸಂದೇಶದ ಅಲೆ, ಕೆರೆಯ ಏರಿಗೆ ಬಡಿದ ನೀರಿನ ಹಾಗೆ, ಹಿಂದಕ್ಕೆ ಬಂದು ಮುಂದಿನ ಸಂದೇಶವನ್ನು ಕಲಕುತ್ತದೆ. ಆ ರೆಸಿಸ್ಟರ್ ಕನೆಕ್ಟರಿನೊಳಗೇ ಇರುತ್ತದೆ. ಹೊರಗೆ ಉಗುರಿನಷ್ಟು ಒಂದು ಸ್ವಿಚ್ಚು. ನಡುವಿನ ಯಂತ್ರಗಳಲ್ಲಿ ಅದು ಆಫ್ ಇರಬೇಕು, ಎರಡು ತುದಿಗಳಲ್ಲಿ ಮಾತ್ರ ಆನ್. ನಾವು ಹಾಕಿದ ಹೊಸ ಕನೆಕ್ಟರಿನಲ್ಲಿ ಅದು ಆಫ್ ಇತ್ತು. ಅಂಥ ತಂತಿಯೂ ಹೆಚ್ಚು ಹೊತ್ತು ಕೆಲಸ ಮಾಡುತ್ತಲೇ ಇರುತ್ತದೆ. ಪಕ್ಕದಲ್ಲಿ ಬೆಸುಗೆಯ ದೊಡ್ಡ ವಿದ್ಯುತ್ತು ಹರಿದು ಗದ್ದಲ ಹೆಚ್ಚಾದ ಗಳಿಗೆಯಲ್ಲಷ್ಟೇ ಎಡವುತ್ತದೆ. ಸ್ಕ್ರೂಡ್ರೈವರಿನ ತುದಿಯಿಂದ ಸ್ವಿಚ್ಚನ್ನು ಸರಿಸಿದೆವು. ಟಿಕ್ ಎಂದು ಸಣ್ಣ ಸದ್ದು. ಆಮೇಲೆ ಆ ದೋಷ ಬರಲೇ ಇಲ್ಲ.

ವರದಿಯಲ್ಲಿ 'ಕನೆಕ್ಟರ್ ದೋಷ, ಸರಿಪಡಿಸಲಾಗಿದೆ' ಎಂದು ಬರೆದೆವು. ಸುಳ್ಳೇನಲ್ಲ. ಯಾರ ದೋಷ ಎಂಬ ಮಾತಿಗೆ ಆ ವಾಕ್ಯದಲ್ಲಿ ಜಾಗವಿರಲಿಲ್ಲ, ನಾವು ಜಾಗ ಮಾಡಲೂ ಇಲ್ಲ. 'ಸರಿಪಡಿಸಲಾಗಿದೆ' ಎಂದು ಬರೆಯುವುದರಲ್ಲಿ ಒಂದು ಅನುಕೂಲವಿದೆ. ಮಾಡಿದವರು ಕಾಣುವುದಿಲ್ಲ, ಕೆಡಿಸಿದವರೂ ಕಾಣುವುದಿಲ್ಲ.

ಹತ್ತು ದಿನ ಹೀಗೇ ಕಳೆಯಿತು. ಲೈನು ಸರಾಗವಾಗಿ ಓಡುತ್ತಿತ್ತು, ನಮಗೆ ಮಾತ್ರ ಊಟ ಸೇರುತ್ತಿರಲಿಲ್ಲ. ಅಡುಗೆ ಮಾಡುತ್ತಾ ಒಬ್ಬರು 'ಹೇಳಿಬಿಡೋಣ' ಎಂದರೆ ಇನ್ನಿಬ್ಬರು ಸುಮ್ಮನಾಗುತ್ತಿದ್ದೆವು. ಹನ್ನೊಂದನೆಯ ದಿನ ಮೂವರೂ ಸೇರಿ ಇಂಜಿನಿಯರರ ಬಳಿ ಹೋಗಿ ಪಟ್ಟಿಯನ್ನು ಮುಂದಿಟ್ಟು ಎಲ್ಲವನ್ನೂ ಹೇಳಿದೆವು. ಕೆಲಸ ಹೋದರೆ ಹೋಗಲಿ ಎಂದು ಹೋಗಿದ್ದೆವು. ಅವರು ಪಟ್ಟಿಯನ್ನು ಎರಡು ಸಲ ನೋಡಿ, ಇನ್ನು ಮುಂದೆ ಕನೆಕ್ಟರ್ ಹಾಕಿದ ಮೇಲೆ ಇನ್ನೊಬ್ಬರಿಂದ ಪರೀಕ್ಷಿಸಿ ಸಹಿ ಮಾಡಿಸಿ ಎಂದರು. ನಮಗೆ ಆದದ್ದು ಅಷ್ಟೇ. ಹುಡುಗನ ವಿಷಯ ಕೇಳಿದಾಗ, ಅವನು ಗುತ್ತಿಗೆದಾರನ ಮನುಷ್ಯ, ಅಲ್ಲಿ ಕೇಳಿ ಎಂದರು. ಗುತ್ತಿಗೆದಾರನ ಬಳಿ ಕೇಳಿದರೆ, ಕಂಪೆನಿಯವರು ಬೇಡವೆಂದರು, ತೆಗೆದೆವು ಎಂದ. ಎರಡು ಕಡೆಯೂ ಉತ್ತರವಿತ್ತು, ಹುಡುಗ ಮಾತ್ರ ಯಾರ ಪಟ್ಟಿಯಲ್ಲೂ ಇರಲಿಲ್ಲ.

ಅವನ ಕೋಣೆಯವರಿಂದ ನಂಬರು ಸಿಕ್ಕಿ ಫೋನ್ ಮಾಡಿದಾಗ ಅವನು ಹೈದರಾಬಾದಿನಲ್ಲಿ ಕಟ್ಟಡದ ಕೆಲಸಕ್ಕೆ ಸೇರಿದ್ದ. ನಮ್ಮ ತಪ್ಪು ಎಂದು ಹೇಳಿದೆವು. ಗುತ್ತಿಗೆದಾರನ ಬಳಿ ಮತ್ತೆ ಮಾತಾಡುತ್ತೇವೆ, ಬಾ ಎಂದೆವು. ಸ್ವಲ್ಪ ಹೊತ್ತು ಸುಮ್ಮನಿದ್ದ.

'ವೈರ್ ನಾ ಮುಟ್ಟಿಲ್ಲಂತ ನನಗ ಗೊತ್ತೇ ಇತ್ತಲ್ರಿ ಅಣ್ಣಾ' ಎಂದ. 'ಅವತ್ತ ನೀವು ಒಂದ್ ಮಾತ್ ಅಂದಿದ್ರ ಸಾಕಿತ್ರಿ.'

ಅವನು ಬರಲಿಲ್ಲ. ಆ ವಾರದ ಕೂಲಿ ಬಾಕಿಯಿತ್ತು. ಗುತ್ತಿಗೆದಾರನಿಂದ ಅದನ್ನು ವಸೂಲಿ ಮಾಡಿ ಕಳಿಸಿದ್ದೊಂದೇ ನಮ್ಮಿಂದಾದ ಕೆಲಸ.

ಈಗ ನಮ್ಮ ಲೈನಿನಲ್ಲಿ ನೇರಳೆ ಕೇಬಲ್ ಇಲ್ಲ. ಹಸಿರು ಕೇಬಲಿನ ಪ್ರೊಫಿನೆಟ್ ಬಂದಿದೆ. ಆಫೀಸಿನ ಕಂಪ್ಯೂಟರುಗಳನ್ನು ಜೋಡಿಸುವ ಈಥರ್ನೆಟ್ಟೇ ಅದರ ತಳಹದಿ. ಉಗುರಿನಷ್ಟು ಸ್ವಿಚ್ಚನ್ನು ಮರೆಯುವ ಭಯ ಹೋಗಿದೆ, ಬೇರೆ ಭಯಗಳು ಬಂದಿವೆ. ಕಾರ್ಖಾನೆಯ ತಂತಿ ಹೊರಜಗತ್ತಿನ ತಂತಿಗೆ ಹತ್ತಿರವಾದಷ್ಟೂ ಹೊರಗಿನ ಜ್ವರ ಒಳಗೆ ಬರುತ್ತದೆ. 2017ರಲ್ಲಿ ವಾನ್ನಾಕ್ರೈ ಎಂಬ ಕಂಪ್ಯೂಟರ್ ವೈರಸ್ಸು ಜಪಾನಿನ ಸಯಾಮಾದಲ್ಲಿದ್ದ ಹೋಂಡಾ ಕಾರ್ಖಾನೆಯನ್ನು ಒಂದು ದಿನ ನಿಲ್ಲಿಸಿತು. 2022ರ ಮಾರ್ಚ್ 1ರಂದು ಬಿಡಿಭಾಗ ಪೂರೈಸುವ ಒಂದು ಕಂಪೆನಿಯ ಮೇಲೆ ನಡೆದ ಸೈಬರ್ ದಾಳಿಯಿಂದ ಜಪಾನಿನಲ್ಲಿ ಟೊಯೊಟಾದ 14 ಕಾರ್ಖಾನೆಗಳ 28 ಲೈನುಗಳು ನಿಂತವು.

2023ರ ಆಗಸ್ಟ್ 29ರಂದು ಜಪಾನಿನಲ್ಲಿ ಟೊಯೊಟಾದ ಕಾರ್ಖಾನೆಗಳು ಮತ್ತೆ ನಿಂತಾಗ ಎಲ್ಲರೂ ಇದೂ ದಾಳಿಯೇ ಇರಬೇಕೆಂದರು. ಕೆಲವು ದಿನಗಳ ಬಳಿಕ ಕಂಪೆನಿಯೇ ಕಾರಣ ಹೇಳಿತು. ಹೊರಗಿನವರು ಯಾರೂ ಅಲ್ಲ. ಹಿಂದಿನ ಭಾನುವಾರ ತಾವೇ ಮಾಡಿದ ಮೇಂಟೆನನ್ಸ್ ಕೆಲಸದ ವೇಳೆ ಸರ್ವರಿನಲ್ಲಿ ಜಾಗ ಸಾಲದೆ ಹೋಗಿತ್ತು ಎಂದಿತು. ಆ ಸುದ್ದಿ ಓದಿದ ದಿನ ನಾವು ಮೂವರೂ ಒಬ್ಬರಿಗೊಬ್ಬರು ಫೋನ್ ಮಾಡಿದೆವು. ಭಾನುವಾರದ ಕೆಲಸ, ಮರೆತುಹೋದ ಒಂದು ಸಣ್ಣ ಸಂಗತಿ, ನಿಂತ ಲೈನು. ಅವರು ನಾಲ್ಕು ಜನರ ಮುಂದೆ ಹೇಳಿದ್ದನ್ನು ನಾವು ಒಬ್ಬ ಸೂಪರ್‌ವೈಸರ್ ಮುಂದೆ ಹೇಳಲಾಗಲಿಲ್ಲ.

ಹೊಸದಾಗಿ ಬರುವ ಹುಡುಗರಿಗೆ ಕೆಲಸ ಕಲಿಸುವ ಪಾಳಿ ಈಗ ನಮ್ಮದು. ಲೈನು ನಿಂತರೆ ಮೊದಲು ಅಕ್ಕಪಕ್ಕ ಯಾರು ನಿಂತಿದ್ದಾರೆ ಎಂದು ನೋಡಬೇಡಿ, ಪಟ್ಟಿ ನೋಡಿ ಎನ್ನುತ್ತೇವೆ. ಕೊನೆಯ ಸಲ ಆ ಯಂತ್ರವನ್ನು ಮುಟ್ಟಿದವರು ನೀವೇ ಆಗಿದ್ದರೆ ಅದನ್ನು ಮೊದಲು ಹೇಳಿ ಎನ್ನುತ್ತೇವೆ. ಯಾರಾದರೂ ಕೇಳಿದಾಗ ಉತ್ತರಿಸದೆ ಸುಮ್ಮನಿರುವ ಯಂತ್ರವನ್ನು ಈ ಲೈನು ದೋಷವೆಂದೇ ಬರೆದುಕೊಳ್ಳುತ್ತದೆ ಎಂದೂ ಹೇಳುತ್ತೇವೆ. ಬೀದರಿನ ಹುಡುಗ ಅಂದು ರಾತ್ರಿ ನಮ್ಮ ಕಡೆ ತಿರುಗಿ ಕೇಳಿದ್ದ. ಆಗ ಉತ್ತರಿಸದೆ ಇದ್ದವರು ನಾವು.