ಎರೆಹೊಲದ ಬೆಲೆಯ ಗಾಡಿ

ನಮ್ಮ ಮನೆತನದಲ್ಲಿ ‘ಗಾಡಿ’ ಎಂದರೆ ಟಾಟಾಮೊಬೈಲ್ 206 ಪಿಕಪ್ ಒಂದೇ. ಆಮೇಲೆ ಬಂದುದೆಲ್ಲ ಬೈಕು, ಕಾರು. 1991ರಲ್ಲಿ ಅಜ್ಜ ನವಲಗುಂದ ತಾಲೂಕಿನ ನಾಲ್ಕು ಎಕರೆ ಎರೆಹೊಲವನ್ನು ಮಾರಿ ಅದನ್ನು ಕೊಂಡರು. ಉಳ್ಳಾಗಡ್ಡಿಯನ್ನೂ ಮೆಣಸಿನಕಾಯಿಯನ್ನೂ ದಲಾಲರ ಲಾರಿಗಾಗಿ ಕಾಯದೆ ತಾವೇ ಹುಬ್ಬಳ್ಳಿಗೆ ಒಯ್ಯಬೇಕೆಂಬುದು ಅವರ ಹಟ. ಆ ನಾಲ್ಕು ಎಕರೆ ಕಾಕಾನ ಪಾಲಿಗೆ ಬರಬೇಕಾಗಿದ್ದ ಭೂಮಿ. ಗಾಡಿ ಓಡಿಸಿದವರು ಅಪ್ಪ. ಇದಕ್ಕಿಂತ ಹೆಚ್ಚು ವಿವರ ಬೇಡ. ಎರಡು ಮನೆಗಳ ನಡುವೆ ಮದುವೆ-ಮುಂಜಿಗಳ ಹೊರತು ಮಾತಿಲ್ಲದ ಮೂವತ್ತು ವರ್ಷಗಳು ಹೀಗೆ ಆರಂಭವಾದವು.

ಅಜ್ಜ ತೀರಿಕೊಂಡು, ಅಪ್ಪನ ಕಣ್ಣು ಮಂದವಾದ ಮೇಲೆ ಗಾಡಿ ತಗಡಿನ ಶೆಡ್ಡಿನಲ್ಲಿ ಹನ್ನೊಂದು ವರ್ಷ ನಿಂತಿತು. ಗುಜರಿಯವನು ತೂಕದ ಲೆಕ್ಕದಲ್ಲಿ ಬೆಲೆ ಹೇಳಿ ಹೋದ ದಿನ, ಒಡಹುಟ್ಟಿದ ನಾವು ಮೂವರೂ ಫೋನಿನಲ್ಲಿ ಬಹಳ ಹೊತ್ತು ಮಾತಾಡಿದೆವು. ನಾಲ್ಕು ಎಕರೆ ಹೊಲವನ್ನು ಕಿಲೋ ಲೆಕ್ಕದಲ್ಲಿ ಮಾರಿದಂತಾಗುತ್ತದೆ ಎಂದಳು ತಂಗಿ. ದಕ್ಷಿಣಕ್ಕೆ ಸರಕಿಳಿಸಿ ಖಾಲಿಯಾಗಿ ಮರಳುತ್ತಿದ್ದ ಲಾರಿಯೊಂದರ ಮೇಲೆ ಅದನ್ನು ಹೇರಿಸಿ, ಸುಮಾರು ಐನೂರು ಕಿಲೋಮೀಟರ್ ದೂರದ ಚಾಕಣಕ್ಕೆ, ನಾವು ವರ್ಗವಾಗಿ ಬಂದು ನೆಲೆಸಿದ್ದ ಊರಿಗೆ, ತರಿಸಿದೆವು.

ಪುಣೆ–ನಾಶಿಕ ಹೆದ್ದಾರಿಯ ಮೇಲಿನ ಚಾಕಣದಲ್ಲಿ ಈಗ ವಾಹನ ಕಾರ್ಖಾನೆಗಳದ್ದೇ ಸಾಮ್ರಾಜ್ಯ. ಬಜಾಜ್, ಮಹೀಂದ್ರಾ, ಫೋಕ್ಸ್‌ವ್ಯಾಗನ್, ಮರ್ಸಿಡಿಸ್ ಎಲ್ಲವೂ ಇಲ್ಲಿವೆ. 1660ರಲ್ಲಿ ಫಿರಂಗೋಜಿ ನರಸಾಳಾ ಶಾಯಿಸ್ತಾಖಾನನ ಸೇನೆಯನ್ನು ಸುಮಾರು ಎರಡು ತಿಂಗಳು ತಡೆದು ನಿಲ್ಲಿಸಿದ ಸಂಗ್ರಾಮದುರ್ಗ ಊರೊಳಗೆ ಕರಗುತ್ತಿದೆ. ನಮಗೆ ಹತ್ತಿರವೆನಿಸುವುದು ಮಾತ್ರ ಇಲ್ಲಿಯ ಉಳ್ಳಾಗಡ್ಡಿ ಮಾರುಕಟ್ಟೆ. ಭಾರತೀಯ ಅಂಚೆ ಸೇವೆಯಲ್ಲಿದ್ದು, ಆಮೇಲೆ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ವಿಶ್ವ ಅಂಚೆ ಒಕ್ಕೂಟದ ಅಧಿಕಾರಿಯಾಗಿದ್ದ ಶರದ ಜೋಶಿಯವರು ಆ ಕೆಲಸವನ್ನು ಬಿಟ್ಟು, ಇಲ್ಲಿಗೆ ಸಮೀಪದ ಅಂಬೇಠಾಣದಲ್ಲಿ ಹೊಲ ಕೊಂಡು ಬೇಸಾಯಕ್ಕಿಳಿದರು. ಅವರ ಶೇತಕರಿ ಸಂಘಟನೆ ಬೆಳೆದದ್ದು ಚಾಕಣದ ಉಳ್ಳಾಗಡ್ಡಿ ಬೆಲೆಯ ಚಳವಳಿಯಿಂದ. 1980ರಲ್ಲಿ ರೈತರು ಇದೇ ಹೆದ್ದಾರಿಯಲ್ಲಿ ಕುಳಿತರು. ಅದೇ ವರ್ಷದ ಜುಲೈಯಲ್ಲಿ ನಮ್ಮ ನವಲಗುಂದ, ನರಗುಂದಗಳಲ್ಲಿ ಮಲಪ್ರಭಾ ನೀರಾವರಿಯ ಕರದ ವಿರುದ್ಧ ರೈತರು ಸಿಡಿದೆದ್ದು ಗುಂಡಿಗೆ ಎದೆಯೊಡ್ಡಿದರು. ಅಜ್ಜ ಆ ಮೆರವಣಿಗೆಯಲ್ಲಿದ್ದರು. ಅವರಿಗೆ ಚಾಕಣದ ಹೆಸರು ತಿಳಿದಿತ್ತೋ ಇಲ್ಲವೋ. ಹತ್ತು ವರ್ಷಗಳ ನಂತರ ಹೊಲ ಮಾರಿ ಗಾಡಿ ಕೊಂಡದ್ದರ ಹಿಂದೆ ಇದ್ದುದು ಮಾತ್ರ ಅದೇ ಸಿಟ್ಟು ಎಂದು ನಾವು ನಂಬಿದ್ದೇವೆ. ಮಾಲು ನಮ್ಮದು, ಬೆಲೆ ಮತ್ತೊಬ್ಬರದು ಎಂಬ ಸಿಟ್ಟು.

ಟಾಟಾಮೊಬೈಲನ್ನು ಟೆಲ್ಕೋ ಕಂಪನಿ 1988ರಲ್ಲಿ ತಂದಿತು. ಮುಂದೆ ಬಂದ ಸಿಯೆರಾ ಇದರ ತಳಹದಿಯ ಮೇಲೆಯೇ ನಿಂತದ್ದು. ತಯಾರಾದದ್ದು ನೆರೆಯ ಪಿಂಪ್ರಿಯಲ್ಲಿ. ಎಂದರೆ ಗಾಡಿ ತವರಿಗೆ ಬಂದಿತ್ತು; ತವರಿನಲ್ಲಿ ಅದರ ಗುರುತು ಹಿಡಿಯುವವರೇ ಕಡಿಮೆ. ಹೊಸ ಗಾಡಿಗಳ ಕಂಪ್ಯೂಟರನ್ನು ಓದಬಲ್ಲ ಹುಡುಗರು ಇದರ ಬಾನೆಟ್ ಎತ್ತಿ ನೋಡಿ ನಕ್ಕರು. ಕೊನೆಗೆ ಒಪ್ಪಿದವನು ಹೆದ್ದಾರಿಯ ಬದಿಯ ವಯಸ್ಸಾದ ಮರಾಠಿ ಮಿಸ್ತ್ರಿ. ಅವನ ವೆಲ್ಡರು ಇಂಡಿ ತಾಲೂಕಿನ ಕನ್ನಡದವನು. ಅವರಿಬ್ಬರ ನಡುವೆ ನಮ್ಮ ಭಾನುವಾರಗಳೆಲ್ಲ ಕಳೆದವು.

ಟ್ಯಾಂಕಿನಲ್ಲಿದ್ದ ಡೀಸೆಲ್ ಅಂಟಾಗಿತ್ತು. ಫ್ಯುಯಲ್ ಪಂಪಿನ ರಬ್ಬರ್ ಸೀಲುಗಳು ಒಣಗಿ ಸೀಳಿದ್ದವು. ವೈರಿಂಗನ್ನು ಇಲಿಗಳು ತಿಂದಿದ್ದವು. ಎಂಜಿನ್ನು 1948 ಸಿಸಿಯ ಹಳೆಯ ಪದ್ಧತಿಯದು. ಇಂಧನ ನೇರವಾಗಿ ಸಿಲಿಂಡರಿಗೆ ಬೀಳದೆ ಪಕ್ಕದ ಸಣ್ಣ ಕೋಣೆಯಲ್ಲಿ ಹೊತ್ತಿಕೊಳ್ಳುತ್ತದೆ, ಆದ್ದರಿಂದ ಚಳಿಯಲ್ಲಿ ಗ್ಲೋ ಪ್ಲಗ್ ಕಾದು ಕೆಂಪಾಗುವ ತನಕ ಕಾಯಬೇಕು. ಅಪ್ಪ ಕೀಲಿ ತಿರುಗಿಸಿ, ಒಂದು ಎಲೆ ಮಡಚಿ ಬಾಯಿಗಿಟ್ಟುಕೊಂಡು, ಆಮೇಲೆಯೇ ಚಾಲು ಮಾಡುತ್ತಿದ್ದುದರ ಕಾರಣ ನಮಗೆ ಈಗ ತಿಳಿಯಿತು. ಬ್ರೇಕಿನ ಸಾಮಾನು ಪುಣೆಯ ನಾನಾ ಪೇಠೆಯಲ್ಲಿ ಸಿಕ್ಕಿತು. ಬಾಗಿಲ ಹಿಡಿಕೆ ಜುನಾ ಬಜಾರದಲ್ಲಿ. ಹಿಂದಿನ ಪಾಟಿಗಳಲ್ಲಿ ಎರಡು ಎಲೆ ಮುರಿದಿದ್ದವು. ಹೇರು ಮಿತಿ ಮೀರುತ್ತಿದ್ದುದಕ್ಕೆ ಅದೇ ಸಾಕ್ಷಿ, ಲೆಕ್ಕದ ಪುಸ್ತಕ ಬೇಕಿಲ್ಲ.

ತಳದ ತಗಡು ಮಾತ್ರ ನಮ್ಮನ್ನು ಜಗಳಕ್ಕೆ ಹಚ್ಚಿತು. ತುಕ್ಕು ತಿಂದು ಅಲ್ಲಲ್ಲಿ ತೂತಾಗಿತ್ತು. ಎಡಬದಿಯ ಒಳಗೋಡೆಯ ಮೇಲೆ ಅಜ್ಜ ಮೊಳೆಯಿಂದ ಗೀಚಿದ ಚೀಲಗಳ ಗುರುತುಗಳಿದ್ದವು, ಐದೈದರ ಕಟ್ಟು. ಮುಂಬಯಿಯಲ್ಲಿರುವ ತಮ್ಮನಿಗೆ ಗಾಡಿ ಶೋರೂಮಿನಿಂದ ಇಳಿದಂತೆ ಕಾಣಬೇಕಿತ್ತು. ತಂಗಿಗೆ ಗೀಚುಗಳೆಲ್ಲ ಉಳಿಯಬೇಕಿತ್ತು. ಅಪ್ಪನನ್ನು ಕೇಳಿದರೆ, “ತಳಾ ಗಟ್ಟಿ ಇರಬೇಕು, ಬಾಕಿ ನಿಮ್ಮ ಮರ್ಜಿ” ಎಂದರು. ತಳವನ್ನು ಹೊಸದಾಗಿ ಹಾಕಿಸಿದೆವು. ಗೋಡೆಗೆ ಬಣ್ಣ ಬಳಿಯುವ ಮುನ್ನ ವೆಲ್ಡರು ತಾನಾಗಿ ಗೀಚುಗಳಿದ್ದ ಭಾಗವನ್ನು ಬಿಟ್ಟು ಸುತ್ತ ಗೆರೆ ಎಳೆದಿದ್ದ. ಅವನ ಮನೆಯಲ್ಲೂ ಇಂಥದೊಂದು ಗೋಡೆ ಇರಬೇಕು.

ಕಾಗದದ ಕೆಲಸ ಕಬ್ಬಿಣದ ಕೆಲಸಕ್ಕಿಂತ ಕಠಿಣ. ಕೇಂದ್ರ ಸರ್ಕಾರದ ನೌಕರರಾದ ನಮಗೆ ಹಳೆಯ ಗಾಡಿಗಳ ವಿಧಿ ಗೊತ್ತು: 2023ರ ಏಪ್ರಿಲ್ 1ರಿಂದ ಹದಿನೈದು ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿಯ ನವೀಕರಣವೇ ಇಲ್ಲ. ಖಾಸಗಿ ಗಾಡಿಗೆ ಆ ಕತ್ತಿಯಿಲ್ಲ, ಫಿಟ್‌ನೆಸ್ ಪರೀಕ್ಷೆಯಲ್ಲಿ ಗೆಲ್ಲಬೇಕು. 2021ರ ವಿಂಟೇಜ್ ನಿಯಮದ ಆಸರೆಗೆ ಐವತ್ತು ವರ್ಷವಾಗಿರಬೇಕು, ಬಾಡಿಗೆಗೆ ಓಡಿಸುವಂತಿಲ್ಲ. ನಮ್ಮದು ಪುರಾತನವೂ ಅಲ್ಲ, ಹೊಸತೂ ಅಲ್ಲ, ದುಡಿಯಲೇಬೇಕಾದ ನಡುವಯಸ್ಸಿನದು. ಇಲ್ಲಿಯೇ ಇಟ್ಟುಕೊಂಡರೆ ಒಂದು ವರ್ಷದ ಮೇಲೆ ಕೆಎ 25 ಹೋಗಿ ಎಂಎಚ್ 14 ಬರಬೇಕು. ಅದಕ್ಕೆ ಯಾರೂ ಒಪ್ಪಲಿಲ್ಲ. ಊರಿಗೇ ಒಯ್ಯುವುದು ನಿಶ್ಚಯವಾಯಿತು.

ಆದರೆ ಗಾಡಿ ಇನ್ನೂ ಅಜ್ಜನ ಹೆಸರಿನಲ್ಲಿತ್ತು. ಒಡೆಯ ತೀರಿಕೊಂಡರೆ ವಾರಸುದಾರರಿಗೆ ವರ್ಗಾಯಿಸಲು ನಮೂನೆ 31 ಎಂಬುದಿದೆ. ಉಳಿದ ವಾರಸುದಾರರ ಒಪ್ಪಿಗೆ ಪತ್ರವನ್ನೂ ಕೇಳುತ್ತಾರೆ. ಎಂದರೆ ಕಾಕಾನ ಸಹಿ. ಅಪ್ಪ ಕೇಳಲಾರರು. ನಾವು ಮೂವರೂ ಕೂಡಿ ಹೋದೆವು. ಕಾಕಾ ಕಾಗದವನ್ನು ಎರಡು ಸಲ ಓದಿದರು. “ಹೊಲದ ಕಾಗದಕ್ಕ ನನ್ನ ಸಹಿ ಯಾರೂ ಕೇಳಿರಲಿಲ್ಲ” ಎಂದರು. ಉತ್ತರವಾಗಿ ಹೇಳಬಹುದಾದ ಮಾತು ನಮ್ಮಲ್ಲಿರಲಿಲ್ಲ, ಅದು ನಿಜವಾಗಿತ್ತು. ಚಹಾ ಬಂತು, ಕುಡಿದೆವು. ಬಹಳ ಹೊತ್ತಿನ ಮೇಲೆ ಪೆನ್ನು ಕೇಳಿ ಸಹಿ ಮಾಡಿ, ಕೆಳಗೆ ತಾರೀಖನ್ನೂ ಬರೆದರು.

ಗಾಡಿ ಈಗ ನವಲಗುಂದದ ಕಡೆಯೇ ಇದೆ. ಊರ ಹುಡುಗನೊಬ್ಬ ಓಡಿಸುತ್ತಾನೆ, ಅಪ್ಪ ಪಕ್ಕದಲ್ಲಿ ಕುಳಿತು ಗೇರಿನ ಸದ್ದು ಕೇಳಿ ಬಯ್ಯುತ್ತಾರೆ. ಮೊದಲ ಸುಗ್ಗಿಯಲ್ಲಿ ಕಾಕಾನ ಮನೆಯಿಂದ ಹದಿನೈದು ಚೀಲ ಉಳ್ಳಾಗಡ್ಡಿಗೆ ಗಾಡಿ ಕೇಳಿಬಂದಿತು. ಬಾಡಿಗೆ ಬೇಡವೆನ್ನಲು ನಾವು ಫೋನ್ ಮಾಡುವಷ್ಟರಲ್ಲಿ ಕಾಕಾ ದುಡ್ಡು ಕೊಟ್ಟಾಗಿತ್ತು, ಅಪ್ಪ ಎಣಿಸಿ ತೆಗೆದುಕೊಂಡಾಗಿತ್ತು.