ಕತ್ತಲೆಯಲ್ಲಿ ಕಿವಿಯ ಮಾತು

ಈ ಸಲ ನನಗೆ ಏನೂ ತಿಳಿಯದ ವಿಷಯವೊಂದನ್ನು ಬರೆಯಲು ಹೊರಟಿದ್ದೇನೆ. ಜೀವನದಲ್ಲಿ ವಿಮಾನ ಏರಿದ್ದು ಮೂರೇ ಬಾರಿ. ಆದರೂ ಬರೆಯದೆ ಇರಲಾರೆ. ಕಾರಣವನ್ನು ಕೊನೆಯಲ್ಲಿ ಹೇಳುತ್ತೇನೆ.

ವೈಶಾಖದ ಒಂದು ಸಂಜೆ ಹಳೆಯ ವಿದ್ಯಾರ್ಥಿಯೊಬ್ಬ ಕಲಬುರಗಿಯ ನಮ್ಮ ಮನೆಗೆ ಬಂದ. ಕಮಲಾಪುರದ ಪ್ರೌಢಶಾಲೆಯಲ್ಲಿ ನನ್ನಿಂದ ವಿಜ್ಞಾನ ಕಲಿತ ಹುಡುಗ. ಈಗ ಪ್ರಯಾಣಿಕರ ವಿಮಾನದ ಪೈಲಟ್. ಕೈಯಲ್ಲಿ ಊರಿನ ಕೆಂಪು ಬಾಳೆಯ ಚಿಪ್ಪು. ಮಾತು ಆರಂಭವಾಗುವಷ್ಟರಲ್ಲಿ ಗುಡುಗು ಸಿಡಿಲಿನೊಂದಿಗೆ ಮಳೆ ಸುರಿದು ವಿದ್ಯುತ್ ಹೋಯಿತು. ಮೇಣದ ಬತ್ತಿಯ ಬೆಳಕಿನಲ್ಲಿ ಕೇಳಿದೆ: “ಇಂಥಾ ರಾತ್ರಿ ಮುಗಿಲಾಗ ಸಿಕ್ಕೊಂಡ್ರ ಏನ್ ಮಾಡ್ತಿ ತಮ್ಮಾ?”

“ಮೊದಲ ನನ್ನ ಕಿವಿ ನಂಬೂದು ಬಿಡ್ತೀನ್ರೀ ಸರ. ನೀವೇ ಕಲಿಸಿದ್ರೆಲ್ರೀ, ಕಿವ್ಯಾಗಿನ ನಾಳದ ಪಾಠ?”

ನಾನು ಬೆರಗಾದೆ. ಒಳಗಿವಿಯ ಅರ್ಧವೃತ್ತಾಕಾರದ ನಾಳಗಳಲ್ಲಿ ದ್ರವವಿದೆ, ತಲೆ ತಿರುಗಿದಾಗ ಅದು ಅಲುಗಿ ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ ಎಂದು ಎಷ್ಟೋ ವರ್ಷ ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ಹೇಳಿದ್ದೆ. ಅದು ಸುಳ್ಳನ್ನೂ ಹೇಳಬಲ್ಲುದೆಂದು ಹೇಳಿರಲಿಲ್ಲ. ವಿಮಾನ ಒಂದೇ ವೇಗದಲ್ಲಿ ತಿರುಗುತ್ತಲೇ ಇದ್ದರೆ ಸುಮಾರು 20 ಸೆಕೆಂಡುಗಳಲ್ಲಿ ದ್ರವವೂ ಅದೇ ವೇಗ ಪಡೆದು, ತಿರುಗುತ್ತಿರುವ ಅರಿವೇ ಅಳಿದುಹೋಗುತ್ತದೆ. ಆಮೇಲೆ ನೇರವಾದರೆ ಎದುರು ದಿಕ್ಕಿಗೆ ವಾಲಿದಂತೆ ತೋರುತ್ತದೆ. ಹಗಲಿನಲ್ಲಿ ದಿಗಂತ ನೋಡಿ ಕಣ್ಣು ಅದನ್ನು ತಿದ್ದುತ್ತದೆ. ಮೋಡದೊಳಗಿನ ರಾತ್ರಿಯಲ್ಲಿ ದಿಗಂತವೆಲ್ಲಿ? 1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ, ಮಾಪಕಗಳನ್ನು ನಂಬಿ ಹಾರುವ ತರಬೇತಿಯಿಲ್ಲದ 20 ಮಂದಿಯನ್ನು ಪರೀಕ್ಷಿಸಿದರಂತೆ. ಹೊರನೋಟ ತಪ್ಪಿದ ಮೇಲೆ ವಿಮಾನ ಅವರ ಹತೋಟಿ ಮೀರಲು ಹಿಡಿದ ಸರಾಸರಿ ಸಮಯ 178 ಸೆಕೆಂಡು.

ಆದುದರಿಂದಲೇ ಮಾಪಕಗಳು. ಕೃತಕ ದಿಗಂತ ನಡುವಿನಲ್ಲಿ. ಸುತ್ತ ವೇಗ, ಎತ್ತರ, ದಿಕ್ಕು. ಕಣ್ಣು ಒಂದರ ಮೇಲೆಯೇ ನಿಲ್ಲಬಾರದು, ಸುತ್ತುತ್ತಲೇ ಇರಬೇಕು. ಒಂದು ಮಾಪಕ ಹೇಳಿದ್ದಕ್ಕೆ ಇನ್ನೊಂದರ ಸಾಕ್ಷಿ ಬೇಕು. 1978ರ ಜನವರಿ 1ರ ರಾತ್ರಿ ಮುಂಬಯಿಯಿಂದ ಹೊರಟ ಏರ್ ಇಂಡಿಯಾದ ‘ಎಂಪರರ್ ಅಶೋಕ’ ಜಂಬೋ ಜೆಟ್, ಬಾಂದ್ರಾದಾಚೆ ಸಮುದ್ರಕ್ಕೆ ಬಿದ್ದು 213 ಮಂದಿ ಮಡಿದರು. ಕ್ಯಾಪ್ಟನ್ನರ ಎದುರಿನ ಕೃತಕ ದಿಗಂತ ಕೆಟ್ಟಿತ್ತು. ಕೆಳಗೆ ಕಪ್ಪು ಕಡಲು. ಉಳಿದ ಮಾಪಕಗಳನ್ನು ಹೋಲಿಸಿ ನೋಡುವ ಮೊದಲೇ ಎಲ್ಲ ಮುಗಿದಿತ್ತು.

“ಹವಾಮಾನ ವರದಿಯೊಳಗ ಇಲ್ಲದ ಮಳಿ ಎದುರಾದ್ರ?” ಎಂದೆ.

ಅವನು ಬೆರಳು ಮಡಿಸುತ್ತ ಹೇಳಿದ. ಮೂತಿಯಲ್ಲಿರುವ ರೇಡಾರ್ ಮಳೆಯ ಗಡಸುತನವನ್ನು ಬಣ್ಣಗಳಲ್ಲಿ ತೋರಿಸುತ್ತದೆ. ಕೆಂಪು ಕಂಡರೆ ನಿಯಂತ್ರಕರನ್ನು ಕೇಳಿ ಮಾರ್ಗ ಬದಲಿಸಬೇಕು. ಉಗ್ರ ಮೋಡದಿಂದ 20 ನಾಟಿಕಲ್ ಮೈಲಿ ದೂರ ಒಳ್ಳೆಯದು. ಆದರೂ ಹೊಡೆತದಲ್ಲಿ ಸಿಲುಕಿದರೆ ವೇಗವನ್ನು ನಿಗದಿತ ಮಟ್ಟಕ್ಕೆ ಇಳಿಸಬೇಕು, ರೆಕ್ಕೆಗಳನ್ನು ಸಮವಾಗಿ ಹಿಡಿಯಬೇಕು. ಎತ್ತರ ತುಸು ಏರಿಳಿದರೆ ಅದರ ಬೆನ್ನು ಹತ್ತಬಾರದು. ಮಿಂಚಿಗೆ ಕಣ್ಣು ಕತ್ತಲಿಡದಂತೆ ಒಳಗಿನ ದೀಪವನ್ನು ಪ್ರಖರಗೊಳಿಸಬೇಕು. ಇಳಿಯುವಾಗ, ಸಾಮಾನ್ಯ ಉಪಕರಣ ವ್ಯವಸ್ಥೆಯಲ್ಲಿ ನೆಲದಿಂದ 200 ಅಡಿಗೆ ಬಂದರೂ ರನ್‌ವೇಯಾಗಲಿ ಅದರ ದೀಪಗಳಾಗಲಿ ಕಾಣದಿದ್ದರೆ ಮತ್ತೆ ಮೇಲೇರಬೇಕು. ಅಲ್ಲಿಯೂ ಆಗದಿದ್ದರೆ ಬೇರೆ ನಿಲ್ದಾಣ. ಅಲ್ಲಿಗೆ ಹೋಗುವ ಇಂಧನ, ಅದರ ಮೇಲೆ ಇನ್ನೂ 30 ನಿಮಿಷದ್ದು, ಹೊರಡುವಾಗಲೇ ತುಂಬಿರುತ್ತದೆ.

“ವಾಪಸ್ ಹೋಗೂದು ಸೋಲಲ್ರೀ ಸರ. ಅದಕ್ಕ ಮೊದಲ ಲೆಕ್ಕ ಹಾಕಿ ಎಣ್ಣಿ ತುಂಬಿರ್ತೀವಿ” ಎಂದ.

2020ರ ಆಗಸ್ಟ್ 7ರ ರಾತ್ರಿ ಮಳೆಯಲ್ಲಿ ಕೋಳಿಕ್ಕೋಡಿನ ಗುಡ್ಡದ ರನ್‌ವೇ ದಾಟಿ ವಿಮಾನ ಉರುಳಿ 21 ಮಂದಿ ತೀರಿಕೊಂಡದ್ದನ್ನು ನೆನಪಿಸಿದೆ. ಅಲ್ಲಿ ಮೊದಲ ಯತ್ನ ಬಿಟ್ಟು ಮೇಲೇರಿದ್ದರು. ಎರಡನೆಯ ಸಲ ಹಿಂಗಾಳಿಯಿತ್ತು, ಚಕ್ರಗಳು ನೆಲ ಮುಟ್ಟಿದ್ದು ಬಹಳ ಮುಂದೆ. ಅವನು ಬಹಳ ಹೊತ್ತು ಮಾತನಾಡಲಿಲ್ಲ.

ನನ್ನ ಮನಸ್ಸು ಮಾತ್ರ ಹುಮನಾಬಾದ್ ರಸ್ತೆಯಲ್ಲಿತ್ತು. 1994ರ ಜೂನ್. ಆಗ ನಾನು ಗುಲ್ಬರ್ಗದಿಂದ ಕಮಲಾಪುರಕ್ಕೆ ಮೋಟಾರ್ ಸೈಕಲ್ ಮೇಲೆ ಹೋಗಿಬರುತ್ತಿದ್ದೆ. ಶಾಲೆ ಬಿಟ್ಟು ಹೊರಡುವ ಹೊತ್ತಿಗೆ ಪಡುವಣ ಕಪ್ಪಾಗಿತ್ತು. ಹಿಂದೆ ಕೂರಬೇಕಿದ್ದ ಸಹೋದ್ಯೋಗಿ, “ಇವತ್ತ ಇಲ್ಲೇ ಉಳಿಯೋಣ್ರೀ” ಎಂದರು. “ಇದೇನು ಹೊಸ ದಾರಿಯೇನ್ರೀ? ಕಣ್ಣು ಮುಚ್ಚಿ ಹೊಡೀತೀನಿ” ಎಂದೆ. ನಡುದಾರಿಯಲ್ಲಿ ಮಳೆ ಕವಿಯಿತು, ಕತ್ತಲಾಯಿತು. ಎದುರಿನ ಲಾರಿಯ ದೀಪವನ್ನಷ್ಟೇ ನಂಬಿ ರಸ್ತೆಯ ಅಂಚನ್ನು ಊಹಿಸಿದೆ. ಅಂಚು ಅಲ್ಲಿರಲಿಲ್ಲ. ನನಗೆ ತರಚುಗಾಯ, ಅವರ ಬಲಗಾಲು ಮುರಿಯಿತು. ನಿವೃತ್ತಿಯವರೆಗೂ ಕುಂಟುತ್ತಲೇ ಪಾಠ ಮಾಡಿದರು. ಒಂದು ದಿನವೂ ನನ್ನನ್ನು ದೂರಲಿಲ್ಲ. ನಾನೂ ಒಂದು ದಿನ “ತಪ್ಪು ನನ್ನದು” ಎನ್ನಲಿಲ್ಲ. “ಮಳೆ ಮೋಸ ಮಾಡಿತು” ಎನ್ನುತ್ತಲೇ ಬಂದೆ.

2019ರ ನವೆಂಬರ್ 22ರಂದು ನಮ್ಮ ಶ್ರೀನಿವಾಸ ಸರಡಗಿಯ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. 2021ರಲ್ಲಿ ವೈಮಾನಿಕ ತರಬೇತಿ ಶಾಲೆಗಳಿಗೆ ಆಯ್ದ ದೇಶದ ಐದು ನಿಲ್ದಾಣಗಳಲ್ಲಿ ಇದೂ ಒಂದು. ತರಬೇತಿಯ ಪುಟ್ಟ ವಿಮಾನ ಕಂಡಾಗಲೆಲ್ಲ, ಒಳಗಿರುವ ಮಗುವಿಗೆ ಹಾರುವುದಕ್ಕಿಂತ ಮೊದಲು ಹಿಂತಿರುಗುವುದನ್ನು ಕಲಿಸಲಿ ಎಂದುಕೊಳ್ಳುತ್ತೇನೆ.

ಮರುವಾರ ಬಸ್ಸಿನಲ್ಲಿ ಕಮಲಾಪುರಕ್ಕೆ ಹೋದೆ. ಆ ಸಹೋದ್ಯೋಗಿ ಅಂಗಳದಲ್ಲಿ ಕುಳಿತಿದ್ದರು. ಚಹಾ ಬರುವ ಮೊದಲೇ ಹೇಳಿಬಿಟ್ಟೆ: “ಅವತ್ತ ಮಳೀದು ತಪ್ಪಲ್ರೀ, ನಂದು.”

ಅವರು ಕಾಲು ನೀವಿಕೊಂಡು ನಕ್ಕರು. “ಇಷ್ಟ ಹೇಳ್ಲಿಕ್ಕ ಇಷ್ಟು ವರ್ಷ ಬೇಕಾಯ್ತೇನ್ರೀ ಮಾಸ್ತರ?”

ಸಂಜೆಗೆ ಮೋಡ ಕಟ್ಟಿತು. ಆ ರಾತ್ರಿ ನಾನು ಅಲ್ಲಿಯೇ ಉಳಿದೆ.