ಬೈಂಡ್ ಹಾಕಿದ ಪುಸ್ತಕ

ಮಗಳು ಕೊಟ್ಟ ಕಾದಂಬರಿಗೆ ನಾನು ಮಾಡಿದ ಮೊದಲ ಕೆಲಸವೆಂದರೆ ಖಾಕಿ ಕಾಗದದ ಬೈಂಡ್ ಹಾಕಿದ್ದು. ಇಬ್ಬರು ಹೆಂಗಸರ ಪ್ರೀತಿಯ ಕಥೆ ಎಂದು ಅವಳೇ ಹೇಳಿದ್ದಳು. ಐವತ್ತು ದಾಟಿದವಳು ನಾನು, ಯಾರಿಗೆ ಹೆದರಿದೆನೋ!

ಸಾರಾ ವಾಟರ್ಸ್ ಬರೆದ 'ಫಿಂಗರ್‌ಸ್ಮಿತ್' ಅದು. ಪ್ರಕಟವಾದದ್ದು 2002ರಲ್ಲಿ, ಕಥೆ ನಡೆಯುವುದು ಮಾತ್ರ 1862ರ ಇಂಗ್ಲೆಂಡಿನಲ್ಲಿ, ವಿಕ್ಟೋರಿಯಾ ರಾಣಿಯ ಕಾಲದಲ್ಲಿ. ಲಂಡನ್ನಿನ ಕಳ್ಳರ ಮನೆಯಲ್ಲಿ ಬೆಳೆದ ಸ್ಯೂ, ದೊಡ್ಡ ಬಂಗಲೆಯೊಂದರ ಹುಡುಗಿ ಮಾಡ್ ಲಿಲ್ಲಿಯ ಸೇವೆಗೆ ಸೇರುತ್ತಾಳೆ. ಒಬ್ಬ ಮೋಸಗಾರ ಆ ಹುಡುಗಿಯನ್ನು ಮದುವೆಯಾಗಿ, ಹಣ ಲಪಟಾಯಿಸಿ, ಅವಳನ್ನು ಹುಚ್ಚಾಸ್ಪತ್ರೆಗೆ ತಳ್ಳಬೇಕು, ಸ್ಯೂ ಅದಕ್ಕೆ ನೆರವಾಗಬೇಕು ಎನ್ನುವುದು ಸಂಚು. ಆಗ ಅದೇನು ಕಷ್ಟದ ಕೆಲಸವಲ್ಲ. 1882ರ ಕಾಯಿದೆ ಬರುವವರೆಗೆ ಹೆಂಡತಿಯ ಆಸ್ತಿಯ ಮೇಲೆ ಗಂಡನದೇ ಯಜಮಾನಿಕೆ. ಇಬ್ಬರು ವೈದ್ಯರು ಬರೆದುಕೊಟ್ಟರೆ ಅವಳು ಹುಚ್ಚಿ. ಅಷ್ಟರಲ್ಲಿ ಹುಡುಗಿಯರಿಬ್ಬರೂ ಒಬ್ಬರಿಗೊಬ್ಬರು ಮನಸೋತಿರುತ್ತಾರೆ. ಮುಂದಿನ ತಿರುವುಗಳನ್ನು ನಾನು ಹೇಳುವುದಿಲ್ಲ.

ಅವರ ಪ್ರೀತಿಗಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಸೋದರಮಾವನ ಗ್ರಂಥಾಲಯ. ಆತ ಚಿಕ್ಕಂದಿನಿಂದ ಮಾಡ್‌ಗೆ ಕೈಗವಸು ತೊಡಿಸಿ, ಗೆಳೆಯರೆದುರು ಕೂರಿಸಿ ಪುಸ್ತಕ ಓದಿಸುತ್ತಾನೆ. ಎಲ್ಲವೂ ಅಶ್ಲೀಲ ಪುಸ್ತಕಗಳು! ಅವುಗಳದೊಂದು ಗ್ರಂಥಸೂಚಿ ಬರೆಯುವುದೇ ಆತನ ಜೀವನದ ಸಾಧನೆ. ಇಂಥವನೊಬ್ಬ ನಿಜವಾಗಿಯೂ ಇದ್ದ. ಹೆನ್ರಿ ಸ್ಪೆನ್ಸರ್ ಆಶ್‌ಬೀ ಎಂಬಾತ 1877ರಿಂದ 1885ರೊಳಗೆ ಸುಳ್ಳು ಹೆಸರಿನಲ್ಲಿ ಮೂರು ಸಂಪುಟಗಳ ಸೂಚಿ ತಂದ. 1900ರಲ್ಲಿ ತೀರಿಕೊಂಡ ಮೇಲೆ ಅವನ ಸಂಗ್ರಹ ಬ್ರಿಟಿಷ್ ಮ್ಯೂಸಿಯಂ ಸೇರಿತು. ಅದೇ 1885ರಲ್ಲಿ ಗಂಡಸರ ನಡುವಿನ ಸಂಬಂಧಕ್ಕೆ ಜೈಲು ವಿಧಿಸುವ ಕಾನೂನೂ ಬಂತು. ಹೆಂಗಸರ ಮಾತೇ ಅದರಲ್ಲಿಲ್ಲ.

ಗಂಡಸಿನ ಕಪಾಟಿನಲ್ಲಿದ್ದರೆ ವಿದ್ವತ್ತು, ಹೆಣ್ಣಿನ ಬಾಯಲ್ಲಿ ಬಂದರೆ ನಾಚಿಕೆಗೇಡು. ಈ ಕಾದಂಬರಿಯಲ್ಲಾದರೋ ಹುಡುಗಿಯರಿಬ್ಬರೂ 'ನಾನು' ಎಂದು ತಮ್ಮ ಆಸೆಯನ್ನು ತಾವೇ ಹೇಳುತ್ತಾರೆ. ವಿಕ್ಟೋರಿಯಾ ಕಾಲದಲ್ಲಿ ಯಾವ ಗೌರವಸ್ಥ ಪ್ರಕಾಶಕ ಇದನ್ನು ಅಚ್ಚು ಹಾಕುತ್ತಿದ್ದ?

ಓದುತ್ತಾ ನನಗೆ ಅಜ್ಜ ನೆನಪಾದರು. ಜಗಲಿಯಲ್ಲಿ ಗೆಳೆಯರೊಡನೆ ಕೂತು ಶೃಂಗಾರದ ಪದ್ಯಗಳನ್ನು ರಾಗವಾಗಿ ಓದಿ ಅರ್ಥ ಬಿಡಿಸುತ್ತಿದ್ದರು. ಅಜ್ಜಿ ಕಾಫಿ ತಂದೊಡನೆ ಪುಟ ಮಗುಚಿಬಿಡುತ್ತಿದ್ದರು. ಎಂಟು ಮಕ್ಕಳನ್ನು ಹೆತ್ತವಳಿಗೆ ಏನು ತಿಳಿಯಬಾರದೆಂದೋ!

ನಗು ಬಂತು. ಆದರೂ ನಾನು ಬೈಂಡ್ ತೆಗೆಯಲಿಲ್ಲ ನೋಡಿ. "ಅದೇನಕ್ಕ, ಅಷ್ಟು ಮೈಮರೆತು ಓದ್ತಿದ್ದೀರಿ?" ಎಂದು ಓರಗಿತ್ತಿ ಕೇಳಿದಾಗ, "ಇಂಗ್ಲೆಂಡಿನ ಕಳ್ಳರ ಕಥೆ ಕಣೇ" ಅಂದೆ. ಸುಳ್ಳೇನಲ್ಲ, ಫಿಂಗರ್‌ಸ್ಮಿತ್ ಎಂದರೆ ಜೇಬುಗಳ್ಳರೇ. "ಮುಗಿದ ಮೇಲೆ ನನಗೂ ಕೊಡಿ" ಎಂದಳು. ಬೈಂಡ್ ಸಮೇತ ಕೊಟ್ಟೆ.

ಹದಿನೈದು ದಿನವಾಯಿತು. ಪುಸ್ತಕ ಇನ್ನೂ ವಾಪಸು ಬಂದಿಲ್ಲ. ಅವಳೂ ಏನೂ ಹೇಳಿಲ್ಲ.